ಬ್ರೌಸರ್ ಕೇಳಲಿ, ಸರ್ವರ್ ತೀರ್ಮಾನಿಸಲಿ

ರಟ್ಗರ್ಸ್‌ನಲ್ಲೋ ಸ್ಟೀವನ್ಸ್‌ನಲ್ಲೋ ಎನ್‌ಜೆಐಟಿಯಲ್ಲೋ ಎಂ.ಎಸ್. ಮುಗಿಸಿ ಜರ್ಸಿ ಸಿಟಿಯ ಬ್ಯಾಂಕು, ನ್ಯೂವರ್ಕ್‌ನ ವಿಮಾ ಕಂಪನಿ, ಮ್ಯಾನ್‌ಹಾಟನ್‌ನ ಷೇರು ವಹಿವಾಟಿನ ಕಚೇರಿ ಸೇರುವ ನಮ್ಮ ಹುಡುಗ ಹುಡುಗಿಯರಿಗೆ ಮೊದಲ ವರ್ಷ ಸಿಗುವ ಕೆಲಸ ಹೆಚ್ಚುಕಡಿಮೆ ಒಂದೇ. ಪರದೆಯ ಮೇಲೆ ಒಂದು ಗುಂಡಿ. ಕಂಪನಿಯ ವ್ಯವಹಾರದ ನಿಯಮಗಳೆಲ್ಲ ಹಿಂದೆ ಎಲ್ಲೋ ಒಂದು ಸರ್ವರ್‌ನಲ್ಲಿ, ಜಾವಾದಲ್ಲೋ ಡಾಟ್‌ನೆಟ್‌ನಲ್ಲೋ, ಕೆಲವು ಕಡೆ ಇನ್ನೂ ಕೋಬಾಲ್‌ನಲ್ಲೋ ಕೂತಿರುತ್ತವೆ. ಗುಂಡಿ ಒತ್ತಿದರೆ ಆ ನಿಯಮ ಓಡಬೇಕು, ಉತ್ತರ ಪರದೆಗೆ ಬರಬೇಕು.

ಇಷ್ಟೇ ಎನಿಸುವ ಈ ಸಂದಿಯಲ್ಲೇ ದುಡ್ಡು ಸೋರಿದೆ, ಗುಟ್ಟು ಸೋರಿದೆ, ಒಂದು ದೊಡ್ಡ ಕಂಪನಿ ಮುಕ್ಕಾಲು ಗಂಟೆಯಲ್ಲಿ ನೆಲಕಚ್ಚಿದೆ. ಎಷ್ಟೋ ಪ್ರಕರಣಗಳು ನಾವು ದಿನಾ ಓಡಾಡುವ ಹಡ್ಸನ್ ನದಿಯ ಈ ದಡದಲ್ಲೋ ಆ ದಡದಲ್ಲೋ ನಡೆದಂಥವು. ಬಹುಕಾಲ ಇದೇ ಕೆಲಸದಲ್ಲಿ ಇದ್ದವನಾಗಿ ನಾನು ನಿಮಗೆ ಹೇಳಬೇಕಾದ ಮಾತು ಒಂದೇ. ಬ್ರೌಸರ್ ಇನ್ನೊಬ್ಬರ ಮನೆಯ ಯಂತ್ರ. ಅಲ್ಲಿಂದ ಬರುವುದೆಲ್ಲ ಕೋರಿಕೆ. ಅದನ್ನು ನಂಬಬೇಕೋ ಬೇಡವೋ, ಏನು ಮಾಡಬೇಕು ಎಂಬ ತೀರ್ಮಾನ ಸರ್ವರ್‌ನಲ್ಲೇ ಆಗಬೇಕು. ಕೆಳಗಿನ ಕಿವಿಮಾತುಗಳೆಲ್ಲ ಇದರ ಬಿಡಿ ವಿವರ.

• ಕೋಡ್ ಬರೆಯುವ ಮೊದಲು, "ಈ ತೀರ್ಮಾನ ಯಾರದು?" ಎಂದು ಕೇಳಿಕೊಳ್ಳಿ. ಎಡಿಸನ್‌ನಿಂದ ಐಸೆಲಿನ್‌ವರೆಗಿನ ಓಕ್ ಟ್ರೀ ರಸ್ತೆಯಲ್ಲಿ ಸೀರೆ ಅಂಗಡಿಗಳ ಸಾಲೇ ಇದೆಯಲ್ಲ, ಅಂಥ ಒಂದು ಅಂಗಡಿ ಜಾಲತಾಣದಲ್ಲಿ ಮಾರಾಟ ಶುರುಮಾಡುತ್ತದೆ ಎನ್ನಿ. ನ್ಯೂಜರ್ಸಿಯ ವಿಳಾಸಕ್ಕೆ ಹೋಗುವ ಸೀರೆಗೆ ಮಾರಾಟ ತೆರಿಗೆ ಇಲ್ಲ, ಇಲ್ಲಿ ಉಡುಪಿಗೆ ವಿನಾಯಿತಿ. ಜೊತೆಗೆ ಬಳೆ, ಸರ ಇಟ್ಟರೆ ಅವಕ್ಕೆ ಶೇ. 6.625. ಅದೇ ಸೀರೆ ನದಿ ದಾಟಿ ನ್ಯೂಯಾರ್ಕ್ ನಗರಕ್ಕೆ ಹೋದರೆ ಲೆಕ್ಕವೇ ಬೇರೆ: ಬೆಲೆ 110 ಡಾಲರಿಗಿಂತ ಕಡಿಮೆಯಿದ್ದರೆ ತೆರಿಗೆ ಇಲ್ಲ, 110 ಮುಟ್ಟಿದರೆ ಪೂರ್ತಿ ಬೆಲೆಯ ಮೇಲೆ ಶೇ. 8.875. 105 ಡಾಲರಿನ ಸೀರೆಗೆ ಸೊನ್ನೆ, 115 ಡಾಲರಿನದಕ್ಕೆ 10 ಡಾಲರ್ 21 ಸೆಂಟ್. ಸಾಲದ್ದಕ್ಕೆ ದರಗಳೂ ಬದಲಾಗುತ್ತವೆ. ನ್ಯೂಜರ್ಸಿಯಲ್ಲಿ ಶೇ. 7 ಇದ್ದದ್ದು 2017ರಲ್ಲಿ 6.875, 2018ರಲ್ಲಿ 6.625 ಆಯಿತು.

ಈ ನಿಯಮವನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಬರೆದರೆ ಏನಾಗುತ್ತದೆ? ನಾಳೆ ಮೊಬೈಲ್ ಆ್ಯಪ್ ಬರುತ್ತದೆ, ಅಲ್ಲೊಂದು ಪ್ರತಿ. ಅಂಗಡಿಯ ಗಲ್ಲಾಪೆಟ್ಟಿಗೆಯ ಯಂತ್ರದಲ್ಲಿ ಮತ್ತೊಂದು ಪ್ರತಿ. ದರ ಬದಲಾದ ದಿನ ಮೂರೂ ಬೇರೆ ಬೇರೆ ಮೊತ್ತ ಹೇಳುತ್ತವೆ. ಅದಕ್ಕಿಂತ ಕೆಟ್ಟದ್ದೆಂದರೆ ಬ್ರೌಸರ್ ತಾನೇ ಕೂಡಿಸಿದ ಮೊತ್ತವನ್ನು ಕಳಿಸುವುದು, ಸರ್ವರ್ ಅದನ್ನೇ ಕಾರ್ಡಿಗೆ ಹಾಕುವುದು. ತಕ್ಕಡಿಯನ್ನು ಗಿರಾಕಿಯ ಕೈಗೆ ಕೊಟ್ಟು ಯಾರೂ ವ್ಯಾಪಾರಕ್ಕೆ ಕೂರುವುದಿಲ್ಲ. ಬ್ರೌಸರ್ ಕಳಿಸಬೇಕಾದದ್ದು ಯಾವ ಸೀರೆ, ಎಷ್ಟು, ಯಾವ ವಿಳಾಸ, ಈ ಮೂರೇ. ಬೆಲೆ, ರಿಯಾಯಿತಿ, ತೆರಿಗೆ, ಒಟ್ಟು ಮೊತ್ತ ಎಲ್ಲ ಸರ್ವರ್‌ನಲ್ಲಿ ಹುಟ್ಟಬೇಕು. ಗಿರಾಕಿ ಕಾಯಬಾರದೆಂದು ಪರದೆಯಲ್ಲಿ ಅಂದಾಜು ತೋರಿಸುವುದಾದರೆ ತೋರಿಸಿ. ಅದು ಅಂದಾಜು ಎಂದು ಬರೆದೂ ಇರಲಿ.

• ಪರಿಶೀಲನೆ ಎರಡೂ ಕಡೆ ಇರಲಿ, ಬೇರೆ ಬೇರೆ ಕಾರಣಕ್ಕೆ. ಪುಟದಲ್ಲಿ ಇರುವುದು ಬಳಕೆದಾರರಿಗೆ ಬೇಗ ತಪ್ಪು ಗೊತ್ತಾಗಲಿ ಎಂಬ ಸೌಜನ್ಯಕ್ಕೆ, ಸರ್ವರ್‌ನಲ್ಲಿ ಇರುವುದು ರಕ್ಷಣೆಗೆ. ಒಂದನ್ನೇ ಬರೆಯಲು ಸಮಯವಿದ್ದರೆ ಸರ್ವರ್‌ನದ್ದನ್ನು ಬರೆಯಿರಿ.

• ಕೋರಿಕೆಯ ಜೊತೆ ಒಂದು ಸಂಖ್ಯೆ ಬಂದರೆ, ಅದು ಇವರದ್ದೇ ಎಂದು ಸರ್ವರ್‌ನಲ್ಲಿ ಖಚಿತಪಡಿಸಿಕೊಳ್ಳಿ. ಈ ಕೆಲಸದಲ್ಲಿ ಅತಿ ಹೆಚ್ಚು ಬಾರಿ ತಪ್ಪಿಹೋಗುವ ಹೆಜ್ಜೆ ಇದು, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ.

2010ರಲ್ಲಿ ಐಪ್ಯಾಡ್ ಹೊಸದಾಗಿ ಬಂದಾಗ, ಎಟಿ ಆ್ಯಂಡ್ ಟಿ ಕಂಪನಿ ಗ್ರಾಹಕರಿಗೆ ಲಾಗಿನ್ ಸುಲಭವಾಗಲೆಂದು ಒಂದು ಅನುಕೂಲ ಮಾಡಿತ್ತು. ಸಾಧನವು ತನ್ನ ಸಿಮ್ ಕಾರ್ಡಿನ ಕ್ರಮಸಂಖ್ಯೆಯನ್ನು ಸರ್ವರ್‌ಗೆ ಕಳಿಸಿದರೆ, ಆ ಗ್ರಾಹಕರ ಇಮೇಲ್ ವಿಳಾಸ ತಾನೇ ಪುಟದಲ್ಲಿ ತುಂಬಿಕೊಳ್ಳುತ್ತಿತ್ತು. ಕೇಳುತ್ತಿರುವವರು ಯಾರು ಎಂದು ಸರ್ವರ್ ನೋಡುತ್ತಿರಲಿಲ್ಲ. ಇಬ್ಬರು ಒಂದು ಸಣ್ಣ ಸ್ಕ್ರಿಪ್ಟ್ ಬರೆದು, ಐಪ್ಯಾಡ್‌ನಂತೆ ಸೋಗು ಹಾಕಿ, ಒಂದಾದ ಮೇಲೊಂದು ಸಂಖ್ಯೆ ಕಳಿಸಿದರು. 1 ಲಕ್ಷ 14 ಸಾವಿರದಷ್ಟು ಇಮೇಲ್ ವಿಳಾಸಗಳು ಕೈಗೆ ಬಂದವು. ಆಗಿನ ನ್ಯೂಯಾರ್ಕ್ ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಅವರದ್ದೂ ಅದರಲ್ಲಿತ್ತು. ನ್ಯೂವರ್ಕ್‌ನ ಫೆಡರಲ್ ನ್ಯಾಯಾಲಯದಲ್ಲಿ ಮೊಕದ್ದಮೆ ನಡೆಯಿತು. 2013ರಲ್ಲಿ ಒಬ್ಬನಿಗೆ 41 ತಿಂಗಳ ಶಿಕ್ಷೆಯಾಯಿತು. 2014ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಮಾಡಿತು: ಸರ್ವರ್‌ಗಳಿದ್ದದ್ದು ಟೆಕ್ಸಸ್, ಜಾರ್ಜಿಯಾಗಳಲ್ಲಿ, ಆರೋಪಿಗಳಿದ್ದದ್ದು ಬೇರೆಲ್ಲೋ, ಹಾಗಿರುವಾಗ ನ್ಯೂಜರ್ಸಿಯಲ್ಲಿ ವಿಚಾರಣೆ ನಡೆಸಿದ್ದು ಸರಿಯಲ್ಲವೆಂದು. ಕಾನೂನಿನ ವಾದ ಇಷ್ಟು ದೂರ ಹೋಯಿತು. ಆದರೆ ಆ ಸರ್ವರ್‌ನಲ್ಲಿ ಬೇಕಿದ್ದದ್ದು ಒಂದೆರಡು ಸಾಲಿನ ಪರಿಶೀಲನೆ.

ಐಪ್ಯಾಡ್ ಪ್ರಕರಣದ ಮರುವರ್ಷವೇ, 2011ರಲ್ಲಿ, ನ್ಯೂಯಾರ್ಕಿನ ಸಿಟಿ ಬ್ಯಾಂಕಿನ ಕ್ರೆಡಿಟ್ ಕಾರ್ಡ್ ಜಾಲತಾಣದಲ್ಲೂ ಇಂಥದ್ದೇ ಆಯಿತು. ಪತ್ರಿಕೆಗಳಲ್ಲಿ ಬಂದಂತೆ, ದುಷ್ಕರ್ಮಿಗಳು ಒಂದು ಖಾತೆಯಿಂದ ಒಳಹೊಕ್ಕು, ಬ್ರೌಸರ್‌ನ ವಿಳಾಸಪಟ್ಟಿಯಲ್ಲಿದ್ದ ಖಾತೆ ಸಂಖ್ಯೆಯನ್ನು ಬದಲಿಸುತ್ತ ಹೋದರು. ಸುಮಾರು 3 ಲಕ್ಷ 60 ಸಾವಿರ ಖಾತೆಗಳ ವಿವರ ಹೊರಬಿತ್ತು. ಇಲ್ಲಿ ಲಾಗಿನ್ ಇತ್ತು, ಪಾಸ್‌ವರ್ಡ್ ಇತ್ತು. ನೀವು ಯಾರು ಎಂದು ಬಾಗಿಲಲ್ಲಿ ಕೇಳಿದ ಸರ್ವರ್, ಈ ಖಾತೆ ನಿಮ್ಮದೇ ಎಂದು ಒಳಗೆ ಕೇಳಲಿಲ್ಲ. ಮೊದಲ ಪ್ರಶ್ನೆಗೆ ಉತ್ತರ ಸಿಕ್ಕರೆ ಎರಡನೆಯದಕ್ಕೂ ಸಿಕ್ಕಿತೆಂದು ತಿಳಿಯಬೇಡಿ. ಪ್ರತಿ ಕರೆಯಲ್ಲೂ ಎರಡನ್ನೂ ಕೇಳಬೇಕು. ಬಳಕೆದಾರರ ಗುರುತನ್ನು ಸರ್ವರ್ ತಾನು ಕೊಟ್ಟ ಸೆಷನ್‌ನಿಂದ ತೆಗೆದುಕೊಳ್ಳಬೇಕು. "ನಾನು ಇಂಥ ಗ್ರಾಹಕ" ಎಂದು ಪುಟದ ಜೇಸನ್ ಒಳಗೆ ಬರುವ ಐಡಿಯನ್ನು ಗುರುತೆಂದು ತೆಗೆದುಕೊಳ್ಳಬೇಡಿ.

• ಬಚ್ಚಿಟ್ಟ ಗುಂಡಿಯನ್ನು ಅನುಮತಿ ವ್ಯವಸ್ಥೆ ಎಂದು ಎಣಿಸಬೇಡಿ. ಮ್ಯಾನೇಜರ್‌ಗೆ ಮಾತ್ರ ಕಾಣುವ "ರೀಫಂಡ್" ಗುಂಡಿಯ ಹಿಂದಿನ ವಿಳಾಸ, ನೀವು ಕಳಿಸಿದ ಜಾವಾಸ್ಕ್ರಿಪ್ಟ್ ಫೈಲ್‌ನಲ್ಲಿ ಎಲ್ಲರಿಗೂ ಓದಲು ಸಿಗುತ್ತದೆ. ಹಾಗೆಯೇ ಪೇಮೆಂಟ್ ಕಂಪನಿ ಕೊಟ್ಟ ಗುಪ್ತ ಕೀಲಿಯನ್ನು ಬ್ರೌಸರ್ ಕೋಡ್‌ನಲ್ಲಿ ಇಡಬೇಡಿ. ಕೋಡನ್ನು ಕುಗ್ಗಿಸಿ ಕಗ್ಗಂಟು ಮಾಡಿದರೂ ಅದು ಬಯಲಲ್ಲೇ ಇರುತ್ತದೆ.

• ಈಗಿನ ಚೌಕಟ್ಟುಗಳ ಬಗ್ಗೆ ಎಚ್ಚರ. ನೆಕ್ಸ್ಟ್ ಜೆಎಸ್‌ನಂಥವುಗಳಲ್ಲಿ ಸರ್ವರ್‌ನ ಫಂಕ್ಷನ್ನನ್ನು ಪುಟದ ಕೋಡ್‌ನಿಂದ ಪಕ್ಕದ ಫೈಲ್‌ನಲ್ಲಿರುವಂತೆಯೇ ಕರೆಯಬಹುದು. ಬರೆಯಲು ಸೊಗಸು, ಒಪ್ಪುತ್ತೇನೆ. ಹಾಗೆ ಬರೆದ ಪ್ರತಿಯೊಂದು ಫಂಕ್ಷನ್ನೂ ಅಂತರಜಾಲಕ್ಕೆ ತೆರೆದ ಒಂದು ಬಾಗಿಲು ಎಂಬುದು ಮಾತ್ರ ಕೋಡ್‌ನಲ್ಲಿ ಕಣ್ಣಿಗೆ ಬೀಳುವುದಿಲ್ಲ. ಅದರ ಮೊದಲ ಸಾಲುಗಳಲ್ಲೇ ಲಾಗಿನ್, ಅಧಿಕಾರ, ಬಂದ ಮಾಹಿತಿಯ ಆಕಾರ ಮೂರನ್ನೂ ಪರಿಶೀಲಿಸಿ. 2025ರ ಡಿಸೆಂಬರ್‌ನಲ್ಲಿ ರಿಯಾಕ್ಟ್ ಸರ್ವರ್ ಕಾಂಪೊನೆಂಟ್‌ಗಳಲ್ಲಿ ಒಂದು ದೋಷ ಬಯಲಾಯಿತು. ಲಾಗಿನ್ ಕೂಡ ಇಲ್ಲದೆ ಹೊರಗಿನವರು ಸರ್ವರ್‌ನಲ್ಲಿ ತಮ್ಮ ಕೋಡ್ ಓಡಿಸಬಹುದಿತ್ತು. ತೀವ್ರತೆಯ ಅಳತೆಯಲ್ಲಿ ಅದಕ್ಕೆ 10ಕ್ಕೆ 10 ಸಿಕ್ಕಿತು. ಬ್ರೌಸರ್‌ನಿಂದ ಬಂದ ಮಾಹಿತಿಯನ್ನು ಬಿಚ್ಚಿ ಓದುವ ಹೆಜ್ಜೆಯಲ್ಲೇ ಆ ದೋಷವಿತ್ತು. ಲೈಬ್ರರಿಗಳ ಪರಿಷ್ಕೃತ ಆವೃತ್ತಿ ಹಾಕುವುದನ್ನು ಮುಂದಿನ ವಾರಕ್ಕೆ ತಳ್ಳಬೇಡಿ.

• ಬಂದ ಅಕ್ಷರಗಳನ್ನು ಅಂಟಿಸಿ ಎಸ್‌ಕ್ಯೂಎಲ್ ವಾಕ್ಯ ಕಟ್ಟಬೇಡಿ. ಇದನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ಆದರೂ ನಮ್ಮ ಪ್ರಿನ್ಸ್‌ಟನ್‌ನಲ್ಲಿ ಮುಖ್ಯ ಕಚೇರಿ ಇದ್ದ ಹಾರ್ಟ್‌ಲ್ಯಾಂಡ್ ಪೇಮೆಂಟ್ ಸಿಸ್ಟಮ್ಸ್ ಕಥೆ ಗೊತ್ತಿರಲಿ. 2007ರ ಕೊನೆಯಲ್ಲಿ ಕಂಪನಿಯ ಜಾಲತಾಣದ ಒಂದು ಫಾರ್ಮ್ ಮೂಲಕ ಎಸ್‌ಕ್ಯೂಎಲ್ ನುಸುಳಿಸಿ ಒಳಬಂದವರು, ಮೆಲ್ಲಗೆ ಅಲ್ಲಿಂದ ಕಾರ್ಡ್ ಪಾವತಿಯ ಜಾಲಕ್ಕೆ ದಾಟಿದರು. 2009ರ ಜನವರಿಯಲ್ಲಿ ಕಂಪನಿ ಇದನ್ನು ಪ್ರಕಟಿಸಿತು. ಸುಮಾರು 13 ಕೋಟಿ ಕಾರ್ಡುಗಳ ವಿವರ ಹೋಗಿತ್ತು. ತೂತಿದ್ದದ್ದು ಪಾವತಿಗೆ ಸಂಬಂಧವೇ ಇಲ್ಲದ ಪುಟದಲ್ಲಿ. "ಇದು ಬರೀ ಒಂದು ಸಣ್ಣ ಫಾರ್ಮ್" ಎಂದು ಸಭೆಯಲ್ಲಿ ಯಾರಾದರೂ ಹೇಳಿದರೆ ಇದನ್ನು ನೆನಪಿಸಿ. ಪ್ಯಾರಾಮೀಟರ್ ಇರುವ ಕ್ವೆರಿ ಬಳಸಿ, ಆ ಕ್ವೆರಿ ಓಡಿಸುವ ಡೇಟಾಬೇಸ್ ಖಾತೆಗೆ ಬೇಕಾದಷ್ಟೇ ಅಧಿಕಾರ ಕೊಡಿ.

• ಓದಲು ಗೆಟ್, ಬದಲಿಸಲು ಪೋಸ್ಟ್. ಗೆಟ್ ವಿಳಾಸವನ್ನು ಬ್ರೌಸರ್ ಮುಂಚಿತವಾಗಿ ತೆರೆದು ನೋಡಬಹುದು, ಇಮೇಲ್‌ನ ವೈರಸ್ ತಪಾಸಣೆ ಯಂತ್ರ ತೆರೆಯಬಹುದು, ಸರ್ಚ್ ಎಂಜಿನ್ ತೆರೆಯಬಹುದು. ಅಂಥ ವಿಳಾಸದ ಹಿಂದೆ "ಅಳಿಸು" ಇದ್ದರೆ ಅದು ಯಾರೂ ಒತ್ತದೆಯೇ ಅಳಿಸುತ್ತದೆ.

• ಕೋರ್ಸ್ (CORS) ನಿಯಮ ನಿಮ್ಮ ಸರ್ವರ್‌ನ ಕಾವಲುಗಾರ ಎಂದು ತಿಳಿಯಬೇಡಿ. ಒಂದು ತಾಣದ ಸ್ಕ್ರಿಪ್ಟ್ ಇನ್ನೊಂದು ತಾಣದ ಉತ್ತರವನ್ನು ಓದದಂತೆ ತಡೆಯುವುದು ಬ್ರೌಸರ್. ಆ ತಡೆಯನ್ನು ಎಷ್ಟು ಸಡಿಲಿಸಬಹುದೆಂದು ಹೇಳುವುದು ಕೋರ್ಸ್. ಕರ್ಲ್ ಆಜ್ಞೆಗೆ, ಪೈಥಾನ್ ಸ್ಕ್ರಿಪ್ಟ್‌ಗೆ ಅದರ ಹಂಗಿಲ್ಲ. ಕೋರ್ಸ್ ದೋಷ ಬಂದಾಗ ಎಲ್ಲ ತಾಣಗಳಿಗೂ ಅನುಮತಿ ಕೊಡುವ ನಕ್ಷತ್ರ ಚಿಹ್ನೆ ಹಾಕಿ ಮುಗಿಸುವ ಚಾಳಿ ಬೇಡ. ಯಾವ ತಾಣಗಳು ಕರೆಯಬೇಕೋ ಅವುಗಳ ಹೆಸರು ಬರೆಯಿರಿ. ಸೆಷನ್ ಕುಕಿಗೆ ಸೇಮ್‌ಸೈಟ್ ಗುಣವನ್ನು ನೀವೇ ಸ್ಪಷ್ಟವಾಗಿ ಹಾಕಿ. ಹಣ ಚಲಿಸುವ ಕರೆಗಳಿಗೆ ನಕಲಿ ಕೋರಿಕೆ ತಡೆಯುವ ಟೋಕನ್ ಕೂಡ ಇರಲಿ.

• ಒಂದೇ ಕೋರಿಕೆ ಎರಡು ಸಲ ಬರುತ್ತದೆ ಎಂದೇ ಎಣಿಸಿ ಬರೆಯಿರಿ. ನಮ್ಮ ಊರಿನಲ್ಲಿ ಇದಕ್ಕೆ ಉದಾಹರಣೆ ಹುಡುಕಬೇಕಿಲ್ಲ. ಸಂಜೆ ವರ್ಲ್ಡ್ ಟ್ರೇಡ್ ಸೆಂಟರ್‌ನಲ್ಲಿ ಪಾತ್ ರೈಲು ಹತ್ತಿದವರು ಟಿಕೆಟ್ ಕೊಳ್ಳುವ ಗುಂಡಿ ಒತ್ತುತ್ತಾರೆ, ರೈಲು ನದಿಯಡಿಯ ಸುರಂಗಕ್ಕೆ ಇಳಿಯುತ್ತದೆ, ಸಿಗ್ನಲ್ ಕಡಿಯುತ್ತದೆ. ಕೋರಿಕೆ ಸರ್ವರ್‌ಗೆ ತಲುಪಿ ಕಾರ್ಡಿನಿಂದ ಹಣ ಹೋಗಿದೆ. ಉತ್ತರ ಮಾತ್ರ ಫೋನಿಗೆ ಬಂದಿಲ್ಲ. ಎಕ್ಸ್‌ಚೇಂಜ್ ಪ್ಲೇಸ್‌ನಲ್ಲಿ ಮೇಲೆ ಬಂದ ಮೇಲೆ ಅವರು ಮತ್ತೆ ಒತ್ತುತ್ತಾರೆ. ಅವರ ತಪ್ಪೇನಿಲ್ಲ. ನಿಮ್ಮ ಕೋಡ್ ತಾನೇ ಮರುಪ್ರಯತ್ನ ಮಾಡಿದರೂ ಇದೇ ಕಥೆ.

ಉತ್ತರ ಬರಲಿಲ್ಲ ಎಂದರೆ ಕೆಲಸ ಆಗಿಲ್ಲ ಎಂದಲ್ಲ. ಆಗಿದೆಯೋ ಇಲ್ಲವೋ ತಿಳಿಯದು, ಅಷ್ಟೇ. ಈ ಮೂರನೆಯ ಸ್ಥಿತಿಗೆ ಕೋಡ್‌ನಲ್ಲಿ ಜಾಗ ಮಾಡದವರೇ ಹೆಚ್ಚು. ದಾರಿ ಸರಳವಾಗಿದೆ. ಪಾವತಿಯ ಪುಟ ತೆರೆದಾಗಲೇ ಬ್ರೌಸರ್ ಒಂದು ವಿಶಿಷ್ಟ ಗುರುತನ್ನು ಹುಟ್ಟಿಸಲಿ, ಎಷ್ಟು ಸಲ ಒತ್ತಿದರೂ ಅದೇ ಗುರುತು ಹೋಗಲಿ. ಸರ್ವರ್ ಆ ಗುರುತನ್ನು ಡೇಟಾಬೇಸ್‌ನಲ್ಲಿ ಯೂನಿಕ್ ನಿರ್ಬಂಧದೊಡನೆ ಬರೆದಿಡಲಿ. ಎರಡನೇ ಸಲ ಅದೇ ಗುರುತು ಬಂದರೆ ಹೊಸದಾಗಿ ಹಣ ಕೀಳದೆ ಮೊದಲ ಸಲದ ಉತ್ತರವನ್ನೇ ಮರಳಿಸಲಿ. ಸ್ಟ್ರೈಪ್‌ನಂಥ ಪಾವತಿ ಕಂಪನಿಗಳು ತಮ್ಮ ಎಪಿಐನಲ್ಲಿ ಇದೇ ವ್ಯವಸ್ಥೆ ಕೊಟ್ಟಿವೆ, ನಿಮ್ಮ ಗುರುತನ್ನು ಅಲ್ಲಿಗೂ ದಾಟಿಸಿ. ಒತ್ತಿದ ಕೂಡಲೇ ಗುಂಡಿಯನ್ನು ನಿಷ್ಕ್ರಿಯಗೊಳಿಸುವುದು ಒಳ್ಳೆಯದೇ. ಅದೊಂದನ್ನೇ ನೆಚ್ಚಬೇಡಿ.

ಕನ್ನಡ ಕೂಟಗಳಿಗೆ ಸ್ವಯಂಸೇವೆಯಲ್ಲಿ ಜಾಲತಾಣ ಮಾಡಿಕೊಡುವವರು ನಿಮ್ಮಲ್ಲಿ ಅನೇಕರಿದ್ದೀರಿ. 2010ರಲ್ಲಿ ಎಡಿಸನ್‌ನಲ್ಲಿ, 2016ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ನಡೆದ, 'ಅಕ್ಕ' ಸಂಸ್ಥೆಯ ವಿಶ್ವ ಕನ್ನಡ ಸಮ್ಮೇಳನಗಳಂಥ ದೊಡ್ಡ ಸಮಾರಂಭವಿರಲಿ, ಶಾಲೆಯ ಸಭಾಂಗಣದಲ್ಲಿ ನಡೆಯುವ ಯುಗಾದಿಯಿರಲಿ, ನೋಂದಣಿ ಪುಟದ ತರ್ಕ ಒಂದೇ. ಊಟದ ಎಣಿಕೆ, ಮಕ್ಕಳ ರಿಯಾಯಿತಿ, ಸದಸ್ಯರ ದರ, ಕೊನೆಯ ಎರಡು ಆಸನಗಳಿಗೆ ಏಕಕಾಲಕ್ಕೆ ಕೈಹಾಕುವ ಎರಡು ಕುಟುಂಬಗಳು, ಎಲ್ಲ ಇಲ್ಲಿವೆ. ಕೊನೆಯ ಆಸನ ಯಾರಿಗೆ ಎಂಬುದನ್ನು ಪುಟದಲ್ಲಿ ಕಾಣುವ "ಉಳಿದಿರುವುದು 2" ಎಂಬ ಅಂಕಿ ನಿರ್ಧರಿಸಬಾರದು, ಡೇಟಾಬೇಸ್‌ನ ವಹಿವಾಟು ನಿರ್ಧರಿಸಬೇಕು. ಸೋತವರಿಗೆ ಕೂಡಲೇ ವಿನಯದಿಂದ ತಿಳಿಸಿ, ಹಣ ತೆಗೆದುಕೊಂಡ ಮೇಲೆ ತಿಳಿಸಬೇಡಿ. ಬ್ಯಾಂಕಿನ ಕೆಲಸಕ್ಕೆ ಇಷ್ಟು ಶಿಸ್ತು, ನಮ್ಮವರ ಕೆಲಸಕ್ಕೆ ಹೇಗಾದರೂ ನಡೆಯುತ್ತದೆ ಎಂಬ ಭಾವನೆ ನನಗೆ ಸರಿಕಾಣುವುದಿಲ್ಲ. ಬಾಣಂತಿಯನ್ನು, ವಯಸ್ಸಾದ ತಂದೆತಾಯಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಎರಡು ಗಂಟೆ ಬಂದವರಿಗೆ ಬಾಗಿಲಲ್ಲಿ "ನಿಮ್ಮ ಹೆಸರಿಲ್ಲ" ಎನ್ನುವಂತಾಗಬಾರದು.

• ಕರೆಯ ಹೆಸರು ವ್ಯವಹಾರದ ಮಾತಿನಲ್ಲಿರಲಿ. "ಆರ್ಡರ್ ಕೋಷ್ಟಕದ ಸ್ಥಿತಿಯನ್ನು 7 ಮಾಡು" ಎಂದು ಪುಟ ಹೇಳಿದರೆ 7 ಎಂದರೇನು, ಯಾವಾಗ 7 ಆಗಬಹುದು ಎಂಬ ಜ್ಞಾನವೆಲ್ಲ ಬ್ರೌಸರ್‌ಗೆ ಸೋರಿತು. "ಈ ಆರ್ಡರ್ ರದ್ದುಮಾಡು, ಕಾರಣ ಇದು" ಎಂದು ಹೇಳಿದರೆ, ರದ್ದು ಮಾಡಬಹುದೇ, ದಾಸ್ತಾನು ಮರಳಿಸಬೇಕೇ, ಹಣ ವಾಪಸಾಗಬೇಕೇ ಎಂಬುದನ್ನು ಸರ್ವರ್ ನೋಡಿಕೊಳ್ಳುತ್ತದೆ.

• ದೂರವನ್ನು ಲೆಕ್ಕ ಹಾಕಿ. ಗಾಜಿನ ನಾರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ನ್ಯೂಯಾರ್ಕಿನಿಂದ ಬೆಂಗಳೂರು 13 ಸಾವಿರ ಕಿ.ಮೀ.ಗೂ ಹೆಚ್ಚು, ಕೇಬಲ್ ನೇರವಾಗಿ ಹೋದರೂ ಹೋಗಿಬರಲು 130 ಮಿಲಿಸೆಕೆಂಡಿಗೆ ಕಡಿಮೆಯಿಲ್ಲ, ನಿಜದಲ್ಲಿ ಇನ್ನೂ ಹೆಚ್ಚು. ಒಂದಾದ ಮೇಲೊಂದು ಐದು ಕರೆ ಮಾಡುವ ಪುಟ ವರ್ಜೀನಿಯಾದ ಡೇಟಾ ಸೆಂಟರ್‌ಗೆ ಹತ್ತಿರವಿರುವ ನಿಮಗೆ ಚುರುಕಾಗಿ ಕಾಣುತ್ತದೆ. ಬೆಂಗಳೂರಿನ ಕಚೇರಿಯಲ್ಲಿ ಅದನ್ನೇ ಬಳಸುವ ನಿಮ್ಮ ಸಹೋದ್ಯೋಗಿ ಪ್ರತಿ ಒತ್ತಿಗೂ ಮುಕ್ಕಾಲು ಸೆಕೆಂಡಿನಷ್ಟು ಕಾಯುತ್ತಾರೆ. ಪರದೆಗೆ ಬೇಕಾದದ್ದನ್ನು ಒಂದೇ ಕರೆಯಲ್ಲಿ ಕೊಡುವಂತೆ ಸರ್ವರ್‌ನಲ್ಲಿ ಜೋಡಿಸಿ. ಒಂದಕ್ಕೊಂದು ಸಂಬಂಧವಿಲ್ಲದ ಕರೆಗಳನ್ನು ಒಟ್ಟಿಗೆ ಹೊರಡಿಸಿ.

ದೂರ ಎಂಬುದು ಎಷ್ಟು ನಿಜವಾದ ವಸ್ತು ಎಂದರೆ, ನ್ಯೂಜರ್ಸಿಯಲ್ಲಿ ಐಇಎಕ್ಸ್ ಷೇರು ವಿನಿಮಯ ಕೇಂದ್ರದವರು 38 ಮೈಲಿ ಉದ್ದದ ಕೇಬಲನ್ನು ಸುರುಳಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಅತಿವೇಗದ ವ್ಯಾಪಾರಿಗಳದ್ದೂ ಸೇರಿ ಎಲ್ಲ ಆದೇಶಗಳೂ 350 ಮೈಕ್ರೊಸೆಕೆಂಡ್ ತಡವಾಗಿ ಬರಲೆಂದೇ ಅದನ್ನು ಮಾಡಿದ್ದು.

• ಉತ್ತರಗಳು ಹೊರಟ ಕ್ರಮದಲ್ಲೇ ಬರುವುದಿಲ್ಲ. ಹುಡುಕಾಟದ ಪೆಟ್ಟಿಗೆಯಲ್ಲಿ ಒಬ್ಬರು "ಮೈ" ಎಂದು ಬರೆದು ನಂತರ "ಮೈಸೂರು" ಎಂದು ಮುಗಿಸಿದರೆ, "ಮೈ"ನ ಉತ್ತರ ಕೊನೆಯಲ್ಲಿ ಬಂದು ಸರಿಯಾದ ಪಟ್ಟಿಯನ್ನು ಅಳಿಸಬಹುದು. ಹೊಸ ಕರೆ ಹೊರಟಾಗ ಹಳೆಯದನ್ನು ರದ್ದುಮಾಡಿ. ಬ್ರೌಸರ್‌ನ ಅಬಾರ್ಟ್ ಕಂಟ್ರೋಲರ್ ಇದಕ್ಕಾಗಿಯೇ ಇದೆ.

• ತಪ್ಪಾದಾಗ ಸತ್ಯ ಹೇಳಿ, ಬೇಕಾದಷ್ಟೇ ಹೇಳಿ. ಎಚ್‌ಟಿಟಿಪಿ 200 ಕೊಟ್ಟು ಒಳಗೆ "ವಿಫಲ" ಎಂದು ಬರೆಯುವ ಪದ್ಧತಿ ಬಿಡಿ. ಕಣ್ಗಾವಲು ವ್ಯವಸ್ಥೆಗೆ ಎಲ್ಲ ಹಸಿರಾಗಿ ಕಾಣುತ್ತದೆ, ಬಳಕೆದಾರರು ಒದ್ದಾಡುತ್ತಿರುತ್ತಾರೆ. ಲಾಗಿನ್ ಇಲ್ಲದಿದ್ದರೆ 401, ಅಧಿಕಾರವಿಲ್ಲದಿದ್ದರೆ 403, ಇನ್ನೊಬ್ಬರು ಆಗಲೇ ಬದಲಿಸಿದ್ದರೆ 409, ಮಾಹಿತಿ ನಿಯಮಕ್ಕೆ ಹೊಂದದಿದ್ದರೆ 422, ಸದ್ಯಕ್ಕೆ ಆಗದಿದ್ದರೆ 503. ಸರ್ವರ್‌ನ ಒಳಗಿನ ದೋಷದ ಪೂರ್ತಿ ಜಾಡನ್ನು ಬ್ರೌಸರ್‌ಗೆ ಕಳಿಸಬೇಡಿ, ಅದು ಕನ್ನ ಹಾಕುವವರಿಗೆ ನಕ್ಷೆ ಕೊಟ್ಟಂತೆ. ಬದಲಿಗೆ ಪ್ರತಿ ಕೋರಿಕೆಗೂ ಒಂದು ಗುರುತುಸಂಖ್ಯೆ ಕೊಟ್ಟು, ಅದನ್ನು ಪರದೆಯಲ್ಲೂ ಸರ್ವರ್‌ನ ದಾಖಲೆಯಲ್ಲೂ ಇಡಿ. ಗ್ರಾಹಕರು ಫೋನ್ ಮಾಡಿ ಆ ಸಂಖ್ಯೆ ಓದಿದರೆ ಐದು ನಿಮಿಷದಲ್ಲಿ ಮೂಲ ಸಿಗುತ್ತದೆ. ದಾಖಲೆಯಲ್ಲಿ ಕಾರ್ಡ್ ಸಂಖ್ಯೆ, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಬೀಳದಂತೆ ನೋಡಿಕೊಳ್ಳಿ.

• ಹಣವನ್ನು ಸೆಂಟ್‌ಗಳಲ್ಲಿ, ಪೂರ್ಣಾಂಕವಾಗಿ ಕಳಿಸಿ. ಜಾವಾಸ್ಕ್ರಿಪ್ಟ್‌ಗೆ 0.1 ಮತ್ತು 0.2 ಕೂಡಿಸಿದರೆ ಸರಿಯಾಗಿ 0.3 ಬರುವುದಿಲ್ಲ. ದೊಡ್ಡ ಐಡಿಗಳನ್ನು ಅಕ್ಷರಮಾಲೆಯಾಗಿ ಕಳಿಸಿ; 9007199254740991 ದಾಟಿದ ಪೂರ್ಣಾಂಕಗಳು ಬ್ರೌಸರ್‌ನಲ್ಲಿ ಸದ್ದಿಲ್ಲದೆ ಪಕ್ಕದ ಸಂಖ್ಯೆಯಾಗಿಬಿಡಬಹುದು. ಆಗ ನೀವು ಬೇರೆಯವರ ಖಾತೆಯನ್ನು ಕೇಳುತ್ತಿರುತ್ತೀರಿ.

• ಸಮಯವನ್ನು ಯುಟಿಸಿಯಲ್ಲಿ ಕಳಿಸಿ, ತೋರಿಸುವಾಗ ಮಾತ್ರ ಸ್ಥಳೀಯ ಮಾಡಿ. ನವೆಂಬರ್‌ನ ಮೊದಲ ಭಾನುವಾರ ಇಲ್ಲಿ ರಾತ್ರಿ 1.30 ಎಂಬುದು ಎರಡು ಸಲ ಬರುತ್ತದೆ. ಮಾರ್ಚ್‌ನ ಎರಡನೇ ಭಾನುವಾರ 2.30 ಎಂಬುದು ಬರುವುದೇ ಇಲ್ಲ. ಊರಿಗೆ ಫೋನ್ ಮಾಡುವ ನಮಗೆಲ್ಲ ಒಂಬತ್ತೂವರೆ ಗಂಟೆಯ ಅಂತರ ಹತ್ತೂವರೆ ಆಗುವುದು ಗೊತ್ತೇ ಇದೆ.

• ಹಳೆಯ ಪುಟವೂ ಹೊಸ ಸರ್ವರ್ರೂ ಒಟ್ಟಿಗೆ ಬದುಕುತ್ತವೆ. ಕಚೇರಿಯಲ್ಲಿ ಜನ ಬ್ರೌಸರ್ ಟ್ಯಾಬನ್ನು ವಾರಗಟ್ಟಲೆ ಮುಚ್ಚುವುದಿಲ್ಲ. ನೀವು ಬುಧವಾರ ಸರ್ವರ್ ಬದಲಿಸಿದರೂ ಸೋಮವಾರದ ಜಾವಾಸ್ಕ್ರಿಪ್ಟ್ ಕರೆಯುತ್ತಲೇ ಇರುತ್ತದೆ. ಆದ್ದರಿಂದ ಇರುವ ಒಂದು ಅಂಶದ ಅರ್ಥವನ್ನು ಎಂದೂ ಬದಲಿಸಬೇಡಿ. ಬೇಕಿದ್ದರೆ ಹೊಸದನ್ನು ಸೇರಿಸಿ, ಹಳೆಯದನ್ನು ಯಾರೂ ಬಳಸುತ್ತಿಲ್ಲವೆಂದು ದಾಖಲೆಗಳಲ್ಲಿ ಕಂಡ ಮೇಲೆ ತೆಗೆಯಿರಿ.

ಇದು ಎಷ್ಟು ದುಬಾರಿ ಪಾಠವೆಂದು ಜರ್ಸಿ ಸಿಟಿಯ ನೈಟ್ ಕ್ಯಾಪಿಟಲ್ ತೋರಿಸಿತು. ಬ್ರೌಸರ್‌ನ ಪ್ರಕರಣವಲ್ಲ, ಸರ್ವರ್‌ಗೆ ಬರುವ ಸಂದೇಶದ್ದು. ಆದರೆ ತತ್ತ್ವ ಅದೇ. ಷೇರು ಆದೇಶದ ಸಂದೇಶದಲ್ಲಿದ್ದ ಒಂದು ಗುರುತನ್ನು, ಹಿಂದೆ ಬೇರೊಂದು ಕೆಲಸಕ್ಕೆ ಬಳಸಿ ಕೈಬಿಟ್ಟದ್ದನ್ನು, ಅವರು ಹೊಸ ಕೆಲಸಕ್ಕೆ ತೆಗೆದುಕೊಂಡರು. ಹಳೆಯ ಕೋಡನ್ನು 2003ರಿಂದ ಬಳಸಿರಲಿಲ್ಲ, ಅಳಿಸಿಯೂ ಇರಲಿಲ್ಲ. ಎಂಟು ಸರ್ವರ್‌ಗಳಲ್ಲಿ ಏಳಕ್ಕೆ ಹೊಸ ಕೋಡ್ ಹೋಯಿತು, ಒಂದಕ್ಕೆ ಹೋಗಲಿಲ್ಲ. 2012ರ ಆಗಸ್ಟ್ 1ರ ಬೆಳಿಗ್ಗೆ ಮಾರುಕಟ್ಟೆ ತೆರೆದಾಗ, ಹಿಂದುಳಿದ ಆ ಒಂದು ಸರ್ವರ್ ಅದೇ ಗುರುತನ್ನು ಹಳೆಯ ಅರ್ಥದಲ್ಲಿ ಓದಿ ಷೇರು ಕೊಳ್ಳುತ್ತ, ಮಾರುತ್ತ ಹೋಯಿತು. 45 ನಿಮಿಷದಲ್ಲಿ 40 ಲಕ್ಷಕ್ಕೂ ಹೆಚ್ಚು ವಹಿವಾಟು, 46 ಕೋಟಿ ಡಾಲರಿಗೂ ಮೀರಿದ ನಷ್ಟ. ಗಾಬರಿಯಲ್ಲಿ ಉಳಿದ ಏಳು ಸರ್ವರ್‌ಗಳಿಂದ ಹೊಸ ಕೋಡ್ ತೆಗೆದಾಗ ಅವೂ ಹಳೆಯದನ್ನೇ ಓಡಿಸತೊಡಗಿದವು. ಮಾರುಕಟ್ಟೆ ತೆರೆಯುವ ಮೊದಲೇ ಅವರ ವ್ಯವಸ್ಥೆ ಈ ದೋಷದ ಬಗ್ಗೆ 97 ಇಮೇಲ್ ಕಳಿಸಿತ್ತು, ಯಾರೂ ಅವನ್ನು ಎಚ್ಚರಿಕೆಯೆಂದು ಓದಲಿಲ್ಲ. ಮರುವರ್ಷದ ಹೊತ್ತಿಗೆ ಕಂಪನಿ ಸ್ವತಂತ್ರವಾಗಿ ಉಳಿಯಲಿಲ್ಲ.

• ಹಳೆಯ ವ್ಯವಸ್ಥೆಯನ್ನು ಗೌರವದಿಂದ ಕರೆಯಿರಿ. 2020ರ ಏಪ್ರಿಲ್‌ನಲ್ಲಿ, ಕೋವಿಡ್‌ನಿಂದ ಕೆಲಸ ಕಳೆದುಕೊಂಡವರು ನಿರುದ್ಯೋಗ ಭತ್ಯೆಗೆ ಮುಗಿಬಿದ್ದಾಗ, ನ್ಯೂಜರ್ಸಿಯ ಗವರ್ನರ್ ಫಿಲ್ ಮರ್ಫಿ ಕೋಬಾಲ್ ಬಲ್ಲ ಸ್ವಯಂಸೇವಕರು ಬೇಕೆಂದು ಕೇಳಿದರು. ರಾಜ್ಯದ ಮೇನ್‌ಫ್ರೇಮ್ ವ್ಯವಸ್ಥೆಗಳು ಆಗ 40 ವರ್ಷಕ್ಕೂ ಹಳೆಯವಾಗಿದ್ದವು. ದೇಶವೆಲ್ಲ ಕೋಬಾಲ್ ಅನ್ನು ಹಳಿಯಿತು. ಅರ್ಜಿ ಸಲ್ಲಿಸುವ ಜಾಲತಾಣದ ಪದರವೇ ಹೊರೆ ತಾಳದೆ ಕುಸಿದದ್ದು, ಹಿಂದಿನ ಕೋಬಾಲ್ ಅಲ್ಲ ಎಂದು ಕಂಪ್ಯೂಟಿಂಗ್ ಇತಿಹಾಸಕಾರ ಮಾರ್ ಹಿಕ್ಸ್ ಆಮೇಲೆ ಬರೆದರು.

ನಿಮಗೂ ಇಂಥ ಮೇನ್‌ಫ್ರೇಮ್ ಎದುರಾಗುತ್ತದೆ. ಅದನ್ನು ಕರೆಯುವುದು ಕಷ್ಟವೆಂದು ಅದರ ನಿಯಮಗಳನ್ನು ಜಾವಾಸ್ಕ್ರಿಪ್ಟ್‌ನಲ್ಲಿ ನಕಲು ಮಾಡಬೇಡಿ. ದಶಕಗಳ ಕಾನೂನು ತಿದ್ದುಪಡಿ, ವಿನಾಯಿತಿ, ನ್ಯಾಯಾಲಯದ ತೀರ್ಪು ಆ ಸಾಲುಗಳಲ್ಲಿ ಅಡಗಿರುತ್ತವೆ. ಮಧ್ಯೆ ತೆಳುವಾದ ಒಂದು ಸೇವಾ ಪದರ ಕಟ್ಟಿ. ಅರ್ಜಿಯನ್ನು ಸರತಿಗೆ ಸೇರಿಸಿ, "ನಿಮ್ಮ ಅರ್ಜಿ ತಲುಪಿದೆ, ಸಂಖ್ಯೆ ಇದು" ಎಂದು ಕೂಡಲೇ ಉತ್ತರಿಸಿ. ಹಿಂದಿನ ಯಂತ್ರ ತನ್ನ ಗತಿಯಲ್ಲಿ ಮುಗಿಸಲಿ. ಮನೆಬಾಡಿಗೆಗೆ ದುಡ್ಡಿಲ್ಲದೆ ರಾತ್ರಿ ಎರಡು ಗಂಟೆಗೆ ಪುಟವನ್ನು ಮತ್ತೆ ಮತ್ತೆ ತೆರೆಯುತ್ತಿರುವ ಮನುಷ್ಯರಿಗೆ ಆ ಒಂದು ಸಂಖ್ಯೆ ಸಿಕ್ಕರೆ ನಿದ್ದೆ ಬರುತ್ತದೆ.

• ಪುಟವನ್ನು ಬದಿಗಿಟ್ಟು ಪರೀಕ್ಷಿಸಿ. ಬ್ರೌಸರ್‌ನ ನೆಟ್‌ವರ್ಕ್ ಫಲಕ ತೆರೆದು, ನಿಮ್ಮದೇ ಕೋರಿಕೆಯನ್ನು ಕರ್ಲ್ ಆಜ್ಞೆಯಾಗಿ ನಕಲು ಮಾಡಿಕೊಳ್ಳಿ. ಕುಕಿ ತೆಗೆದು ಕಳಿಸಿ. ಇನ್ನೊಬ್ಬ ಬಳಕೆದಾರರ ಕುಕಿ ಹಾಕಿ ಕಳಿಸಿ. ಸಂಖ್ಯೆಯನ್ನು ಒಂದು ಹೆಚ್ಚಿಸಿ, ಬೆಲೆಯನ್ನು ಋಣಾತ್ಮಕ ಮಾಡಿ, ಅದೇ ಕೋರಿಕೆಯನ್ನು ಒಂದೇ ಕ್ಷಣದಲ್ಲಿ ಎರಡು ಸಲ ಕಳಿಸಿ. ಇವನ್ನೆಲ್ಲ ಸ್ವಯಂಚಾಲಿತ ಪರೀಕ್ಷೆಗಳಾಗಿ ಬರೆದಿಡಿ. ನಿಮ್ಮ ಸ್ವಂತ ಪರೀಕ್ಷಾ ಪರಿಸರದಲ್ಲಿ ಮಾತ್ರ; ಬೇರೆಯವರ ತಾಣದಲ್ಲಿ ಹೀಗೆ ಮಾಡುವುದು ಅಪರಾಧವಾದೀತು, ವೀಸಾದ ಮೇಲಿರುವವರಿಗೆ ಅದರ ಪರಿಣಾಮ ಇನ್ನೂ ಕಠಿಣ.

• ದೋಷ ಕಂಡರೆ ಬಾಯಿಬಿಟ್ಟು ಹೇಳಿ, ಲಿಖಿತವಾಗಿ ಹೇಳಿ. ಮನೆ, ಜಮೀನಿನ ದಾಖಲೆಗಳನ್ನು ಇಡುವ ಫಸ್ಟ್ ಅಮೆರಿಕನ್ ಕಂಪನಿಯ ತಾಣದಲ್ಲಿ, ವಿಳಾಸದಲ್ಲಿನ ದಾಖಲೆ ಸಂಖ್ಯೆ ಬದಲಿಸಿದರೆ ಪಾಸ್‌ವರ್ಡ್ ಇಲ್ಲದೆ ಬೇರೆಯವರ ಕಾಗದಪತ್ರ ತೆರೆದುಕೊಳ್ಳುತ್ತಿತ್ತು. 2019ರ ಮೇ ತಿಂಗಳಲ್ಲಿ ಪತ್ರಕರ್ತ ಬ್ರಯನ್ ಕ್ರೆಬ್ಸ್ ಅದನ್ನು ಬಯಲಿಗೆಳೆದಾಗ 88 ಕೋಟಿಗೂ ಹೆಚ್ಚು ದಾಖಲೆಗಳು ತೆರೆದಿದ್ದವು. ಕಂಪನಿಯ ಒಳಗಿನ ಪರೀಕ್ಷೆಯಲ್ಲೇ 2018ರ ಡಿಸೆಂಬರ್‌ನಲ್ಲಿ ಆ ದೋಷ ಕಂಡಿತ್ತು, ಆದರೂ ತಿದ್ದಿರಲಿಲ್ಲ ಎಂಬುದು ನ್ಯೂಯಾರ್ಕ್ ರಾಜ್ಯದ ಹಣಕಾಸು ಸೇವೆಗಳ ಇಲಾಖೆಯ ಆರೋಪ. 2017ರ ಮಾರ್ಚ್‌ನಿಂದ ಜಾರಿಗೆ ಬಂದ ತನ್ನ ಸೈಬರ್ ಸುರಕ್ಷಾ ನಿಯಮದಡಿ ಆ ಇಲಾಖೆ ಹೂಡಿದ ಮೊದಲ ಪ್ರಕರಣ ಅದು. 2023ರಲ್ಲಿ 10 ಲಕ್ಷ ಡಾಲರ್ ದಂಡಕ್ಕೆ ಇತ್ಯರ್ಥವಾಯಿತು. ನೀವು ಕೆಲಸ ಮಾಡುವ ಬ್ಯಾಂಕು, ವಿಮಾ ಕಂಪನಿ ಅದೇ ಇಲಾಖೆಯ ಪರವಾನಗಿ ಪಡೆದಿದ್ದರೆ ಅದಕ್ಕೂ ಅದೇ ನಿಯಮ ಅನ್ವಯಿಸುತ್ತದೆ. ಹೊಸಬರಾದ ನಮ್ಮ ಮಾತು ಯಾರು ಕೇಳುತ್ತಾರೆ ಎಂದು ಹಿಂಜರಿಯಬೇಡಿ. ಟಿಕೆಟ್ ತೆರೆಯಿರಿ, ಕರ್ಲ್ ಆಜ್ಞೆಯನ್ನೂ ಬಂದ ಉತ್ತರವನ್ನೂ ಲಗತ್ತಿಸಿ, ಸುರಕ್ಷಾ ತಂಡದವರ ಹೆಸರನ್ನು ಸೇರಿಸಿ, ತಿದ್ದುವ ದಿನಾಂಕ ಯಾವುದೆಂದು ಕೇಳಿ. ಆ ದಿನಾಂಕ ಕಳೆದರೆ ಅದೇ ಟಿಕೆಟ್‌ನಲ್ಲಿ ಮತ್ತೆ ಕೇಳಿ.